ನಳನಲ್ಲಿ ಕಲಿಪ್ರವೇಶವೂ ತಾಳಮದ್ದಳೆಯ ಅರ್ಥವೂ

ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಬೇರೂರಿದ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದಕ್ಕೆ ಅರ್ಥಧಾರಿಯು ಕುಳಿತಲ್ಲಿಯೇ ಪಾತ್ರವಾಗಿ ಆಶುವಾಗಿ ನುಡಿಯುವನು. ಬಣ್ಣದ ಭೀಕರತೆಯಿಲ್ಲದ ಈ ಕೂಟದಲ್ಲಿ ನಳನನ್ನು ಕೆಡಿಸುವ ಕಲಿಗೆ ಮಾತೊಂದೇ ಆಯುಧ.

ಜೂಜಾಡಿದವನು ನಳನೋ, ಕಲಿಯೋ? ಕಲಿಯೇ ಎಂದರೆ ಅರಸನು ನಿರ್ದೋಷಿ, ಕಥೆಯು ನಿಸ್ಸಾರ. 16ನೆಯ ಶತಮಾನದಲ್ಲಿ ಕನಕದಾಸರು ಷಟ್ಪದಿಗೆ ತಂದ ಈ ಕಥೆಯ ಮೂಲವಾದ ವನಪರ್ವದಲ್ಲಿ ಉತ್ತರವಿದೆ. ಕಲಿಯು ಸಮಯ ಕಾಯುತ್ತ ನಿಷಧದಲ್ಲಿ ನೆಲಸಿ, 12ನೆಯ ವರ್ಷದಲ್ಲಿ, ನಳನು ಕಾಲ್ತೊಳೆಯದೆ ಸಂಧ್ಯೆಗೆ ಕುಳಿತಾಗ, ಒಳಹೊಕ್ಕನು. ಆಮೇಲೆ ಮಂತ್ರಿಗಳ, ಮಡದಿಯ ಮಾತು ನಳನಿಗೆ ನಾಟಲಿಲ್ಲ. ಋತುಪರ್ಣನಿಂದ ಅಕ್ಷಹೃದಯವನ್ನು ಅರಿತೊಡನೆ ಕಲಿಯು ಹೊರಬಿದ್ದನು.

ರಂಧ್ರದಿಂದ ಬಂದವನು ಜ್ಞಾನದಿಂದ ಹೋದನು. ಆದುದರಿಂದ ಕಲಿಯ ಅರ್ಥ ಹೇಳುವವನು ಅಟ್ಟಹಾಸವನ್ನಲ್ಲ, ನಳನ ಮನಸ್ಸಿನ ಆ ರಂಧ್ರವನ್ನು ತೋರಿಸತಕ್ಕದ್ದು.