ಮಠ ಮುರಿದ ಲೆಕ್ಕ, ಮಠ ಆಳುವ ಲೆಕ್ಕ

ಟಿಬೆಟ್‌ನಲ್ಲಿ ಧರ್ಮದ ಮೇಲಾದ ದಬ್ಬಾಳಿಕೆಯನ್ನು ದಾಖಲಿಸುವ ಕೆಲಸಕ್ಕೆ ಅಡಿಪಾಯ ಹಾಕಿದವರು ವಕೀಲರು. ಚೀನಾದ ಆಳ್ವಿಕೆಯ ವಿರುದ್ಧ 1959ರಲ್ಲಿ ನಡೆದ ಲಾಸಾ ದಂಗೆಯ ನಂತರ ಅಂತರರಾಷ್ಟ್ರೀಯ ನ್ಯಾಯವೇತ್ತರ ಆಯೋಗ ನೇಮಿಸಿದ ಸಮಿತಿಗೆ ನಮ್ಮ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಪುರುಷೋತ್ತಮ ತ್ರಿಕಮ್‌ದಾಸ್ ಅಧ್ಯಕ್ಷರು. ನಿರಾಶ್ರಿತರ ಹೇಳಿಕೆಗಳನ್ನು ಜರಡಿ ಹಿಡಿದು 1960ರಲ್ಲಿ ಸಮಿತಿ ಕೊಟ್ಟ ತೀರ್ಪು ಅಳೆದು ತೂಗಿದ್ದು: ಟಿಬೆಟನ್ನರನ್ನು ಧಾರ್ಮಿಕ ಸಮುದಾಯವಾಗಿ ಅಳಿಸುವ ಯತ್ನ ನಡೆದಿದೆ, ಜನಾಂಗವಾಗಿ ಅಳಿಸುವ ಯತ್ನಕ್ಕೆ ಪುರಾವೆ ಸಾಲದು. ವಿಶ್ವಸಂಸ್ಥೆಯ ಮಹಾಸಭೆ 1959, 1961 ಮತ್ತು 1965ರಲ್ಲಿ ಟಿಬೆಟ್ ಕುರಿತು ನಿರ್ಣಯ ಕೈಗೊಂಡಿತು. ಮೊದಲ ಸಲ ತಟಸ್ಥವಾಗಿದ್ದ ಭಾರತ ಕೊನೆಯದರ ಪರ ಮತ ಹಾಕಿತು. ನಡುವೆ ಚೀನಾದೊಂದಿಗೆ 1962ರ ಯುದ್ಧ ಆಗಿಹೋಗಿತ್ತಲ್ಲ!

ಈ ಕಾಲದ ಅತಿ ಗಟ್ಟಿ ಸಾಕ್ಷ್ಯ ಮಾತ್ರ ಹೊರಗಿನವರದ್ದಲ್ಲ. 1962ರಲ್ಲಿ, ದಲೈಲಾಮಾ ನಂತರದ ಹಿರಿಯ ಧರ್ಮಗುರುವಾದ ಹತ್ತನೆಯ ಪಂಚೆನ್ ಲಾಮಾ ಚೀನಾದ ಪ್ರಧಾನಿ ಚೌ ಎನ್‌ಲಾಯ್‌ಗೆ ಸಲ್ಲಿಸಿದ ಅಹವಾಲಿನಲ್ಲಿ, 2,500ಕ್ಕೂ ಹೆಚ್ಚಿದ್ದ ಮಠಗಳು ಸುಮಾರು 70ಕ್ಕೆ ಇಳಿದಿವೆ ಎಂಬ ಲೆಕ್ಕವಿತ್ತು. ಸಾಂಸ್ಕೃತಿಕ ಕ್ರಾಂತಿ ಶುರುವಾಗುವುದಕ್ಕೂ ಮೊದಲಿನ ಮಾತಿದು. ಬರೆದವರು ಸೆರೆಮನೆ ಕಂಡರು. ಅಹವಾಲು ಹೊರಜಗತ್ತಿಗೆ ಪೂರ್ತಿಯಾಗಿ ಸಿಕ್ಕಿದ್ದು 1990ರ ದಶಕದ ಕೊನೆಗೆ.

ಅಷ್ಟರಲ್ಲಿ ದಾಖಲೆಯ ಗಮನ ಕಟ್ಟಡದಿಂದ ಕೈದಿಯ ಕಡೆ ಹೊರಳಿತ್ತು. 33 ವರ್ಷ ಸೆರೆವಾಸ ಅನುಭವಿಸಿದ ಭಿಕ್ಷು ಪಾಲ್ದೆನ್ ಗ್ಯಾತ್ಸೊ 1992ರಲ್ಲಿ ತಪ್ಪಿಸಿಕೊಂಡು ಬರುವಾಗ ಹಿಂಸೆಯ ಸಾಧನಗಳನ್ನೇ ಹೊತ್ತು ತಂದರು. ಅವುಗಳಲ್ಲಿ ಶಾಕ್ ಕೊಡುವ ಲಾಠಿಯೂ ಇತ್ತು. 1995ರಲ್ಲಿ ಅವರು ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಆಯೋಗದ ಮುಂದೆ ಸಾಕ್ಷ್ಯ ನುಡಿದರು. ಬೈಲಕುಪ್ಪೆಯಲ್ಲಿ ಮರುಸ್ಥಾಪನೆಯಾದ ಸೆರಾ, ಮುಂಡಗೋಡಿನ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳಿಗೂ ಗಡಿ ದಾಟಿದ ಭಿಕ್ಷುಗಳು ಬಂದು ಸೇರುತ್ತಿದ್ದರು. ಟಿಬೆಟ್‌ನಲ್ಲಿ 2008ರಲ್ಲಿ ನಡೆದ ಪ್ರತಿಭಟನೆಗಳ ನಂತರ ಗಡಿ ಬಿಗಿಯಾಗಿ ಆ ದಾರಿ ಬಹುತೇಕ ಮುಚ್ಚಿತು.

ಹೀಗಾಗಿ ಈಗಿನ ಸಂಶೋಧಕರು ಉಪಗ್ರಹ ಚಿತ್ರಗಳನ್ನೂ ಸರ್ಕಾರಿ ಸುತ್ತೋಲೆಗಳನ್ನೂ ಓದುತ್ತಾರೆ. ಲಾರುಂಗ್ ಗಾರ್ ಬೌದ್ಧ ವಿದ್ಯಾಕೇಂದ್ರದ ನಿವಾಸಿಗಳನ್ನು 5,000ಕ್ಕೆ ಇಳಿಸಬೇಕೆಂಬ 2016ರ ಆದೇಶ, ಅದರ ಬೆನ್ನಿಗೆ ಗುಡಿಸಲುಗಳು ನೆಲಸಮವಾದದ್ದು ಬಯಲಾದದ್ದು ಬಹುಮಟ್ಟಿಗೆ ಹೀಗೆಯೇ. ನನ್ನ ಮಟ್ಟಿಗೆ ಇದಕ್ಕಿಂತ ಮುಖ್ಯ ಕಾಗದವೆಂದರೆ ಚೀನಾ ಸರ್ಕಾರದ 2007ರ 5ನೇ ಆದೇಶ. ಅದರ ಪ್ರಕಾರ ಲಾಮಾ ಪುನರ್ಜನ್ಮ ಪಡೆಯಲು ಸರ್ಕಾರಕ್ಕೆ ಅರ್ಜಿ ಹಾಕಬೇಕು. ಪ್ರಭಾವ ಸಾಧಾರಣವಾದರೆ ಪ್ರಾಂತ್ಯದ ಮಂಜೂರಾತಿ ಸಾಕು, ತೀರಾ ದೊಡ್ಡದಾದರೆ ಬೀಜಿಂಗಿನ ಮಂತ್ರಿಮಂಡಲವೇ ಒಪ್ಪಬೇಕು. ಅಪ್ಪಟ ನಾಸ್ತಿಕ ಪಕ್ಷವೊಂದು ಮುಂದಿನ ಜನ್ಮಕ್ಕೆ ಪರವಾನಗಿ ಕೊಡುತ್ತಿದೆ. 1960ರ ವಕೀಲರ ಮಾನದಂಡ ಇಲ್ಲಿ ಕೈಕೊಡುತ್ತದೆ: ಮಠ ನಿಂತಿದೆ, ಪೂಜೆ ನಡೆದಿದೆ, ಆದರೆ ಆಡಳಿತ ಸಮಿತಿಯಲ್ಲಿ ಅಧಿಕಾರಿ ಕೂತಿದ್ದಾನೆ.

ಆದೇಶಕ್ಕೂ ಮೊದಲೇ ಪ್ರಯೋಗ ನಡೆದಿತ್ತು. 1995ರ ಮೇನಲ್ಲಿ ದಲೈಲಾಮಾ ಹನ್ನೊಂದನೆಯ ಪಂಚೆನ್ ಲಾಮಾ ಎಂದು ಗುರುತಿಸಿದ ಆರು ವರ್ಷದ ಗೆಧುನ್ ಚೋಕಿ ನಿಮಾ ಕೆಲವೇ ದಿನಗಳಲ್ಲಿ ಕಾಣೆಯಾದ. ಬೀಜಿಂಗ್ ಅದೇ ವರ್ಷ ಬೇರೊಬ್ಬ ಬಾಲಕನನ್ನು ಪೀಠಕ್ಕೇರಿಸಿತು. ಕಾಣೆಯಾದ ನಿಮಾ ಕಾಲೇಜು ಮುಗಿಸಿ ಕೆಲಸದಲ್ಲಿದ್ದಾನೆ ಎಂದು ಚೀನಾ 2020ರಲ್ಲಿ ಹೇಳಿತು, ಯಾರಿಗೂ ತೋರಿಸಲಿಲ್ಲ. 2025ರ ಜುಲೈನಲ್ಲಿ ದಲೈಲಾಮಾ, ತಮ್ಮ ಪುನರ್ಜನ್ಮವನ್ನು ಗುರುತಿಸುವ ಅಧಿಕಾರ ತಮ್ಮ ಗಾದೆನ್ ಫೋಡ್ರಾಂಗ್ ಟ್ರಸ್ಟಿಗೆ ಮಾತ್ರ ಎಂದರು. ಕೇಂದ್ರ ಸರ್ಕಾರದ ಒಪ್ಪಿಗೆ ಬೇಕೇ ಬೇಕು ಎಂದು ಬೀಜಿಂಗ್ ಅದೇ ದಿನ ಉತ್ತರಿಸಿತು.