ಅರವತ್ತೆರಡರ ಸೇನಾನಿ

ಅರವತ್ತಕ್ಕೆ ಅರಳುಮರುಳು ಎಂಬುದು ನಮ್ಮ ಗಾದೆ. ಕ್ಯಾಂಟನೀಸ್ ಭಾಷಿಕರು ಲವಲವಿಕೆಯ ಹಿರಿಯರನ್ನು ಕಂಡಾಗ 'ಲೌ ದೋಂಗ್ ಯಿಕ್ ಜೋಂಗ್' ಎನ್ನುತ್ತಾರೆ. ಮುಪ್ಪಿನಲ್ಲಿ ಕಸುವು ಇನ್ನಷ್ಟು ಹೆಚ್ಚಬೇಕು ಎಂಬುದು ಅದರ ಅರ್ಥ. ಚೀನೀ ನುಡಿಗಳಿಗೆಲ್ಲ ಸಾಮಾನ್ಯವಾದ ಈ ಮಾತಿನ ಮೂಲಪುರುಷ ಹಾನ್ ವಂಶದ ಸೇನಾನಿ ಮಾ ಯುವಾನ್. ಆತ ಇದನ್ನು ನುಡಿದದ್ದು ಗಡಿನಾಡಿನಲ್ಲಿ ದನಕುರಿ ಸಾಕುತ್ತಿದ್ದ ಕಾಲದಲ್ಲಿ.

ಮಾತಿನ ಪರೀಕ್ಷೆ ನಡೆದದ್ದು ಕ್ರಿ.ಶ. 48ರಲ್ಲಿ. ದಕ್ಷಿಣದ ದಂಗೆಯನ್ನು ಅಡಗಿಸಲು ಹೊರಟು ನಿಂತಾಗ ಆತನಿಗೆ 62. ಚಕ್ರವರ್ತಿ ಗುವಾಂಗ್‌ವು ಹಿಂಜರಿದನು. ಮಾ ಯುವಾನ್ ಕವಚ ತೊಟ್ಟು ಕುದುರೆಯೇರಿ ತೋರಿಸಿದನು. ದೊರೆ ನಕ್ಕು, ಮೆಚ್ಚಿ, ಕಳುಹಿಸಿದನು.

ಹೊಗಳಿಕೆ ಇಲ್ಲಿಗೆ ಮುಗಿಯುತ್ತದೆ, ಚರಿತ್ರೆ ಮುಗಿಯುವುದಿಲ್ಲ. ಮರುವರ್ಷ ಬೇಗೆಗೂ ರೋಗಕ್ಕೂ ಸಿಕ್ಕಿದ ಪಾಳೆಯದಲ್ಲಿ ಆತ ತೀರಿಕೊಂಡನು. ಹಿಂದೊಮ್ಮೆ ಆತ ಬಿತ್ತನೆಗೆಂದು ತಂದಿದ್ದ ಬೀಜಗಳನ್ನು ಮುತ್ತುಗಳೆಂದು ಕೆಲವರು ದೂರಿದರು. ದೊರೆ ನಂಬಿ ಕೆರಳಿದನು. ಹೆದರಿದ ಮನೆಯವರು ಶವವನ್ನು ಪೂರ್ವಿಕರ ನೆಲದಲ್ಲಿ ಹೂಳಲಿಲ್ಲ.

ಕೇಂದ್ರ ಸರ್ಕಾರದ ನೌಕರರಾದ ನಾವು 60ಕ್ಕೆ ನಿವೃತ್ತರಾಗುವವರು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ಇನ್ನೂ ಗಟ್ಟಿಯಾಗಿದ್ದೀರಿ ಎನ್ನುತ್ತೇವೆ. ಹಿರಿಯರ ಕಸುವನ್ನು ಮೆಚ್ಚುವುದು ಸುಲಭ. ಅದು ಕುಂದಿದಾಗಲೂ ಅವರ ಪಕ್ಕದಲ್ಲಿ ನಿಲ್ಲುವುದು ಚಕ್ರವರ್ತಿಗೂ ಆಗಲಿಲ್ಲ. ನಮಗಾದರೂ ಆಗಲಿ.