ನೂಲು ಹರಿದರೆ ನಿಲ್ಲುವ ಮಗ್ಗ: ಟೊಯೋಟಾ ಕಂಪನಿಯ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ನಾನು ರಾಜವಂಶವೊಂದನ್ನೋ ಶಾಸನವೊಂದನ್ನೋ ಆರಿಸಿಕೊಳ್ಳುತ್ತೇನೆಂದು ಅವರು ಭಾವಿಸಿದ್ದರು. ಈ ಶಾಲೆಯಲ್ಲೇ ಓದಿ, ಮುಂದೆ ಸಮಾಜ ವಿಜ್ಞಾನದ ಮೇಷ್ಟ್ರಾದವನಿಂದ ಅದನ್ನು ನಿರೀಕ್ಷಿಸುವುದು ಸಹಜವೇ. ಆದರೆ ಇಲ್ಲಿಂದ ಎಸ್ಸೆಸ್ಸೆಲ್ಸಿ ಮುಗಿಸಿದವರಲ್ಲಿ ಅನೇಕರು ಐಟಿಐ, ಡಿಪ್ಲೊಮಾ ಮಾಡಿಕೊಂಡು ಇಂದು ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಅರಮನೆಗಳಿಗೆ ಇರುವಂತೆ ಕಾರ್ಖಾನೆಗಳಿಗೂ ಚರಿತ್ರೆಯಿದೆ. ಅದರಲ್ಲೂ ಸೋಲು ಗೆಲುವುಗಳಿವೆ, ಕಲಿಯಬೇಕಾದ ಪಾಠಗಳಿವೆ. ಆದ್ದರಿಂದ ನಾನು ಆರಿಸಿಕೊಂಡದ್ದು ಜಪಾನಿನ ಟೊಯೋಟಾ ಕಂಪನಿಯ ಕಥೆಯನ್ನು. ನಮ್ಮ ಕಡೆಯ ಮದುವೆ ದಿಬ್ಬಣಗಳಿಗೂ ಧರ್ಮಸ್ಥಳ, ತಿರುಪತಿ ಯಾತ್ರೆಗಳಿಗೂ ಕ್ವಾಲಿಸ್, ಇನ್ನೋವಾ ಗಾಡಿಗಳನ್ನು ಕಳಿಸಿದ ಕಂಪನಿ ಅದು. "ಟೊಯೋಟಾ ಇಂಜಿನ್ ಕೈಕೊಡೋದಿಲ್ಲ" ಎಂಬ ಮಾತನ್ನು ನಮ್ಮ ಡ್ರೈವರುಗಳ ಬಾಯಲ್ಲಿ ಎಲ್ಲರೂ ಕೇಳಿರುತ್ತೀರಿ. ಆ ಹೆಸರು ಹೇಗೆ ಬಂತು, ಅದಕ್ಕೆ ಯಾವಾಗ ಮಸಿ ಹತ್ತಿತು ಎಂಬುದನ್ನು ಇಲ್ಲಿ ನೋಡೋಣ.

ಬಡಗಿಯ ಮಗನ ಮಗ್ಗ

ಟೊಯೋಟಾದ ಕಥೆ ಕಾರಿನಿಂದ ಶುರುವಾಗುವುದಿಲ್ಲ, ಮಗ್ಗದಿಂದ ಶುರುವಾಗುತ್ತದೆ. ಸಕಿಚಿ ಟೊಯೋಡಾ 1867ರಲ್ಲಿ ಇಂದಿನ ಶಿಜುವೊಕಾ ಪ್ರಾಂತದ ಒಂದು ಹಳ್ಳಿಯಲ್ಲಿ ಹುಟ್ಟಿದವರು. ತಂದೆ ಬಡಗಿ. ಊರಿನ ಮನೆಮನೆಯಲ್ಲೂ ಹೆಂಗಸರು ಕೈಮಗ್ಗದಲ್ಲಿ ನೇಯುತ್ತಿದ್ದರು. ಆ ಶ್ರಮವನ್ನು ಕಡಿಮೆ ಮಾಡಬೇಕೆಂದು ತರುಣ ಸಕಿಚಿ ಮರದ ಮಗ್ಗವೊಂದನ್ನು ಸುಧಾರಿಸಿ 1891ರಲ್ಲಿ ಪೇಟೆಂಟ್ ಪಡೆದರು. ಮುಂದೆ ಯಂತ್ರಶಕ್ತಿಯಿಂದ ನಡೆಯುವ ಮಗ್ಗಗಳನ್ನು ಮಾಡಿದರು. 1924ರಲ್ಲಿ ಸಿದ್ಧವಾದ 'ಜಿ' ಮಾದರಿಯ ಸ್ವಯಂಚಾಲಿತ ಮಗ್ಗ ಅವರಿಗೆ ಜಗತ್ತಿನಾದ್ಯಂತ ಹೆಸರು ತಂದಿತು.

ಆ ಮಗ್ಗದ ವಿಶೇಷವನ್ನು ನೇಕಾರರ ಮನೆಯವರು ಚೆನ್ನಾಗಿ ಬಲ್ಲರು. ಹಾಸಿನ ಒಂದು ಎಳೆ ಹರಿದದ್ದು ಗೊತ್ತಾಗದೆ ನೇಯ್ಗೆ ಮುಂದುವರಿದರೆ ಬಟ್ಟೆಯುದ್ದಕ್ಕೂ ದೋಷ ಉಳಿಯುತ್ತದೆ. ಹಾಗಾಗಿ ಪ್ರತಿ ಮಗ್ಗದ ಮುಂದೆಯೂ ಒಬ್ಬರು ಕಣ್ಣಿಟ್ಟು ಕೂರಬೇಕು. ಸಕಿಚಿಯವರ ಮಗ್ಗದಲ್ಲಿ ಹಾಸಿನ ಎಳೆ ಹರಿದರೂ ಹೊಕ್ಕಿನ ನೂಲು ತುಂಡಾದರೂ ಯಂತ್ರ ತಾನಾಗಿಯೇ ನಿಲ್ಲುತ್ತಿತ್ತು. ನೂಲು ಮುಗಿದ ಲಾಳಿಯನ್ನು ಓಡುತ್ತಿರುವಾಗಲೇ ಬದಲಿಸಿಕೊಳ್ಳುತ್ತಿತ್ತು. ಹೀಗಾಗಿ ಒಬ್ಬರೇ ಹಲವಾರು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು, ಕೆಟ್ಟ ಬಟ್ಟೆಯೂ ಬರಲಿಲ್ಲ.

1929ರಲ್ಲಿ ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಊರಿನ ಪ್ಲಾಟ್ ಬ್ರದರ್ಸ್ ಕಂಪನಿ ಈ ಮಗ್ಗದ ಹಕ್ಕನ್ನು 1 ಲಕ್ಷ ಪೌಂಡಿಗೆ ಪಡೆಯಲು ಒಪ್ಪಂದ ಮಾಡಿಕೊಂಡಿತು. ಓಲ್ಡ್‌ಹ್ಯಾಮ್ ಆಗ ಇದ್ದದ್ದು ಲ್ಯಾಂಕಶೈರ್‌ನಲ್ಲಿ. ಅಲ್ಲಿನ ಗಿರಣಿ ಬಟ್ಟೆ ನಮ್ಮ ದೇಶದ ನೇಕಾರರ ಬದುಕನ್ನು ಮುರಿದ ಸಂಗತಿಯನ್ನು ಪಾಠದಲ್ಲಿ ಓದಿದ್ದೇವೆ. ಅದೇ ಲ್ಯಾಂಕಶೈರ್ ಏಷ್ಯಾದ ಒಬ್ಬ ಬಡಗಿಯ ಮಗನ ಯಂತ್ರಕ್ಕೆ ಹಣ ಕೊಟ್ಟಿತು ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಗಳು ಗಮನಿಸಬೇಕು. ಮರುವರ್ಷ ಸಕಿಚಿ ತೀರಿಕೊಂಡರು.

ಮಗ್ಗದ ಕಾರ್ಖಾನೆಯಲ್ಲಿ ಮೋಟಾರು

ಸಕಿಚಿಯವರ ಮಗ ಕೀಚಿರೊ ಟೊಯೋಡಾ ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದಿದವರು. ಆಗ ಜಪಾನಿನ ರಸ್ತೆಗಳಲ್ಲಿ ಓಡುತ್ತಿದ್ದವುಗಳಲ್ಲಿ ಹೆಚ್ಚಿನವು ಅಮೆರಿಕದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ಕಂಪನಿಗಳವು. ಬಿಡಿಭಾಗಗಳನ್ನು ತಂದು ಯೊಕೊಹಾಮಾ, ಒಸಾಕಾಗಳಲ್ಲಿ ಅವರು ಜೋಡಿಸುತ್ತಿದ್ದರು. ಸ್ವದೇಶದಲ್ಲೇ ವಾಹನ ತಯಾರಿಸಬೇಕೆಂದು ಕೀಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದರು. 1935ರಲ್ಲಿ ಜಿ1 ಲಾರಿ, 1936ರಲ್ಲಿ ಎಎ ಎಂಬ ಕಾರು ಹೊರಬಂದವು. ಅದೇ ವರ್ಷ ಲಾಂಛನಕ್ಕಾಗಿ ನಡೆಸಿದ ಸಾರ್ವಜನಿಕ ಸ್ಪರ್ಧೆಯ ನಂತರ 'ಟೊಯೋಡಾ' ಹೆಸರು 'ಟೊಯೋಟಾ' ಆಯಿತು. ಜಪಾನಿ ಲಿಪಿಯಲ್ಲಿ ಅದನ್ನು ಎಂಟು ಗೆರೆಗಳಲ್ಲಿ ಬರೆಯಬಹುದು, ಎಂಟು ಅವರಿಗೆ ಶುಭಸಂಖ್ಯೆ. 1937ರ ಆಗಸ್ಟಿನಲ್ಲಿ ಟೊಯೋಟಾ ಮೋಟಾರ್ ಕಂಪನಿ ವಿಧ್ಯುಕ್ತವಾಗಿ ಹುಟ್ಟಿತು.

ಮೊದಮೊದಲ ಲಾರಿಗಳಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ. ದಾರಿಯಲ್ಲಿ ಅಲ್ಲಲ್ಲಿ ಕೆಟ್ಟು ನಿಲ್ಲುತ್ತಿದ್ದವು. ಕಂಪನಿಯವರು ಗಾಡಿ ನಿಂತಲ್ಲಿಗೇ ಹೋಗಿ, ಏನು ಮುರಿದಿದೆ ಎಂದು ಕಣ್ಣಾರೆ ನೋಡಿ ರಿಪೇರಿ ಮಾಡುತ್ತಿದ್ದರು, ಮುಂದಿನ ಲಾರಿಯಲ್ಲಿ ಆ ಭಾಗವನ್ನು ತಿದ್ದುತ್ತಿದ್ದರು. ಯುದ್ಧದ ವರ್ಷಗಳಲ್ಲಿ ಕಂಪನಿ ಜಪಾನಿ ಸೈನ್ಯಕ್ಕಾಗಿ ಲಾರಿಗಳನ್ನು ಮಾಡಿತು. ಇದೂ ಅದರ ಚರಿತ್ರೆಯ ಒಂದು ಭಾಗ, ಮರೆಮಾಚುವಂಥದ್ದಲ್ಲ.

ಯುದ್ಧದಲ್ಲಿ ಜಪಾನ್ ಸೋತ ಮೇಲೆ ಕೊಳ್ಳುವವರಿಲ್ಲದೆ ಕಂಪನಿ ದಿವಾಳಿಯ ಅಂಚಿಗೆ ಬಂತು. 1950ರಲ್ಲಿ ಸಾಲ ಕೊಡುವ ಬ್ಯಾಂಕುಗಳು ಆಳುಗಳನ್ನು ಕಡಿಮೆ ಮಾಡಬೇಕೆಂದು ಪಟ್ಟು ಹಿಡಿದವು. ಕಾರ್ಮಿಕರು ಮುಷ್ಕರ ಹೂಡಿದರು. ಕೊನೆಗೆ ಸುಮಾರು 2,000 ಜನ ಕೆಲಸ ಬಿಟ್ಟು ಹೋಗಬೇಕಾಯಿತು. ಅದರ ಹೊಣೆ ಹೊತ್ತು ಕೀಚಿರೊ ಕೂಡ ಅಧ್ಯಕ್ಷ ಪದವಿ ಬಿಟ್ಟರು. ಎರಡೇ ವರ್ಷದಲ್ಲಿ, 57ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಇಳಿದ ಬೆನ್ನಲ್ಲೇ ಕೊರಿಯಾ ಯುದ್ಧ ಶುರುವಾಗಿ, ಅಮೆರಿಕದ ಸೈನ್ಯ ಲಾರಿಗಳಿಗೆ ಆರ್ಡರು ಕೊಟ್ಟಿತು, ಕಂಪನಿ ಉಳಿಯಿತು.

ಹಗ್ಗ ಎಳೆಯುವ ಹಕ್ಕು

ಟೊಯೋಟಾದ ಕೀರ್ತಿಗೆ ಅಡಿಪಾಯ ಬಿದ್ದದ್ದು ಈ ಕಷ್ಟದ ಕಾಲದಲ್ಲೇ. ಕೀಚಿರೊ ಅವರ ಸಂಬಂಧಿ ಐಜಿ ಟೊಯೋಡಾ 1950ರಲ್ಲಿ ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆಯನ್ನು ನೋಡಿ ಬಂದರು. ಅಷ್ಟು ಯಂತ್ರ, ಅಷ್ಟು ದಾಸ್ತಾನು ಇಡುವಷ್ಟು ಹಣ ಇವರ ಬಳಿ ಇರಲಿಲ್ಲ. ಇರುವುದರಲ್ಲೇ ದಾರಿ ಹುಡುಕಿದವರು ಟೈಚಿ ಓನೊ. ನೂಲು, ನೇಯ್ಗೆಯ ವಿಭಾಗದಲ್ಲಿ ದುಡಿದು ಮೋಟಾರು ಕಾರ್ಖಾನೆಗೆ ಬಂದ ಇಂಜಿನಿಯರ್ ಅವರು.

ಅವರು ತಂದ ಪದ್ಧತಿಗೆ ಎರಡು ಕಾಲುಗಳು. ಮೊದಲನೆಯದು, ಬೇಕಾದದ್ದನ್ನು ಬೇಕಾದಾಗ ಬೇಕಾದಷ್ಟೇ ಮಾಡುವುದು. ಅಮೆರಿಕದ ಸೂಪರ್ ಮಾರ್ಕೆಟ್ಟಿನಲ್ಲಿ ಗಿರಾಕಿ ಕಪಾಟಿನಿಂದ ಎಷ್ಟು ತೆಗೆದುಕೊಂಡನೋ ಅಷ್ಟನ್ನೇ ಮತ್ತೆ ತುಂಬುತ್ತಾರೆ. ಹಾಗೆಯೇ ಮುಂದಿನ ವಿಭಾಗ ಎಷ್ಟು ಭಾಗಗಳನ್ನು ಬಳಸಿತೋ ಅಷ್ಟನ್ನೇ ಹಿಂದಿನ ವಿಭಾಗ ತಯಾರಿಸಬೇಕು. ಅದನ್ನು ತಿಳಿಸಲು ಒಂದು ಚೀಟಿ ಹಿಂದಕ್ಕೆ ಹೋಗುತ್ತದೆ. 'ಕಾನ್‌ಬಾನ್' ಎಂದು ಹೆಸರಾದದ್ದು ಆ ಚೀಟಿಯೇ.

ಎರಡನೆಯದು, ಸಕಿಚಿಯವರ ಮಗ್ಗದ ಪಾಠ. ಕಾರು ಜೋಡಿಸುವ ಸಾಲಿನಲ್ಲಿ ಯಾವುದೇ ಕೆಲಸಗಾರನಿಗೆ ದೋಷ ಕಂಡರೆ ತಲೆಯ ಮೇಲಿರುವ ಹಗ್ಗ ಎಳೆಯಬಹುದು. ಕೂಡಲೇ ದೀಪ ಹತ್ತುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾನೆ, ಅಲ್ಲೇ ಸರಿಹೋಗದಿದ್ದರೆ ಸಾಲು ನಿಲ್ಲುತ್ತದೆ. ಬೇರೆ ಕಡೆ ಸಾಲು ನಿಲ್ಲಿಸಿದವನಿಗೆ ಬೈಗುಳ ಸಿಗುತ್ತಿದ್ದ ಕಾಲದಲ್ಲಿ ಇಲ್ಲಿ ಅದು ಕೆಲಸಗಾರನ ಕರ್ತವ್ಯವೆನಿಸಿತು.

ನಿಲ್ಲಿಸಿದ ಮೇಲೆ ಐದು ಸಲ 'ಏಕೆ' ಎಂದು ಕೇಳಬೇಕೆಂಬುದು ಓನೊ ಅವರ ಇನ್ನೊಂದು ನಿಯಮ. ಅವರೇ ಕೊಡುತ್ತಿದ್ದ ಉದಾಹರಣೆ ಹೀಗಿದೆ. ಯಂತ್ರ ಏಕೆ ನಿಂತಿತು? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಏಕೆ ಹೆಚ್ಚಾಯಿತು? ಬೇರಿಂಗಿಗೆ ಎಣ್ಣೆ ಸಾಲದಾಯಿತು. ಎಣ್ಣೆ ಏಕೆ ಸಾಲಲಿಲ್ಲ? ಪಂಪು ಸರಿಯಾಗಿ ಎತ್ತುತ್ತಿಲ್ಲ. ಪಂಪು ಏಕೆ ಎತ್ತುತ್ತಿಲ್ಲ? ಅದರ ಶಾಫ್ಟ್ ಸವೆದಿದೆ. ಏಕೆ ಸವೆಯಿತು? ಜಾಲರಿ ಇಲ್ಲದ್ದರಿಂದ ಲೋಹದ ಚೂರು ಒಳಗೆ ಹೋಗಿದೆ. ಫ್ಯೂಸ್ ಬದಲಿಸಿ ಕೈತೊಳೆದುಕೊಂಡಿದ್ದರೆ ಸ್ವಲ್ಪ ದಿನದಲ್ಲೇ ಮತ್ತೆ ಅದೇ ಗೋಳು. ಬೋರ್‌ವೆಲ್ ಮೋಟಾರಿನೊಂದಿಗೆ ಏಗುವ ನಮ್ಮ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಗೆಲುವು ಒಮ್ಮೆಲೇ ಬರಲಿಲ್ಲ. 1957ರಲ್ಲಿ ಅಮೆರಿಕಕ್ಕೆ ಕಳಿಸಿದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಯ ವೇಗಕ್ಕೆ ತಾಳಲಿಲ್ಲ. ಕೆಲವೇ ವರ್ಷಗಳಲ್ಲಿ ಅದರ ಮಾರಾಟ ನಿಲ್ಲಿಸಿ, ಅಲ್ಲಿನ ರಸ್ತೆಗೆ ತಕ್ಕ ಕಾರು ರೂಪಿಸಿಕೊಂಡು ಮತ್ತೆ ಹೋದರು. 1965ರಲ್ಲಿ ಗುಣಮಟ್ಟಕ್ಕೆ ಕೊಡುವ ಡೆಮಿಂಗ್ ಪ್ರಶಸ್ತಿ ಬಂತು. 1966ರಲ್ಲಿ ಬಂದ ಕೊರೊಲಾ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾದ ಕಾರಿನ ಹೆಸರಾಯಿತು. 1973ರಲ್ಲಿ ಪೆಟ್ರೋಲಿನ ಬೆಲೆ ಏರಿದಾಗ ಸಣ್ಣ ಜಪಾನಿ ಕಾರುಗಳಿಗೆ ಬೇಡಿಕೆ ಹೆಚ್ಚಿತು.

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಡೆದದ್ದು ಒಂದು ಪರೀಕ್ಷೆಯಂತಿತ್ತು. ಗೈರುಹಾಜರಿ, ಜಗಳ, ಕಳಪೆ ಕೆಲಸಗಳಿಗೆ ಹೆಸರಾಗಿದ್ದ ಜನರಲ್ ಮೋಟಾರ್ಸ್‌ನ ಅಲ್ಲಿನ ಕಾರ್ಖಾನೆ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಟೊಯೋಟಾ ಅದನ್ನು ಜನರಲ್ ಮೋಟಾರ್ಸ್ ಜತೆಗೂಡಿ ತೆರೆದು, ಹೆಚ್ಚಾಗಿ ಹಳೆಯ ಕೆಲಸಗಾರರನ್ನೇ ಮರಳಿ ತೆಗೆದುಕೊಂಡಿತು. ಅವರಿಗೆ ತರಬೇತಿ ಕೊಟ್ಟಿತು, ಹಗ್ಗ ಎಳೆಯುವ ಹಕ್ಕನ್ನೂ ಕೊಟ್ಟಿತು. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳು ಜಪಾನಿನ ಕಾರುಗಳಿಗೆ ಸಮನಾಗಿ ನಿಂತವು. ದಡ್ಡರ ತರಗತಿ ಎಂದು ಕೈಬಿಟ್ಟ ತರಗತಿಯೇ ಮೇಷ್ಟರ ರೀತಿ ಬದಲಾದಾಗ ಚೆನ್ನಾಗಿ ಪಾಸಾಗುವುದನ್ನು ಶಿಕ್ಷಕ ಮಿತ್ರರು ಬಲ್ಲರು.

ಬೆಳಗಾವಿಯಿಂದ ಬಿಡದಿಗೆ

ಟೊಯೋಟಾ ಕರ್ನಾಟಕಕ್ಕೆ ಬಂದದ್ದು ಕಿರ್ಲೋಸ್ಕರ್ ಸಮೂಹದ ಜತೆಗೂಡಿ. ಆ ಸಮೂಹದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ, ಅಂದರೆ ಸಕಿಚಿ ಹುಟ್ಟಿದ ಎರಡು ವರ್ಷಕ್ಕೆ ಹುಟ್ಟಿದವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳವರೆಗೆ ಬೆಳೆದರು. ಕಬ್ಬಿಣದಿಂದ ಮಣ್ಣು ವಿಷವಾಗುತ್ತದೆಂದು ಹೆದರಿದ ರೈತರು ಮೊದಲು ಆ ನೇಗಿಲನ್ನು ಕೊಳ್ಳಲೇ ಇಲ್ಲವಂತೆ. ಒಬ್ಬರು ಮಗ್ಗದಿಂದ, ಇನ್ನೊಬ್ಬರು ನೇಗಿಲಿನಿಂದ ಶುರುಮಾಡಿದ ಎರಡು ಮನೆತನಗಳು ಮೊದಲು ಜತೆಯಾದದ್ದೂ ಜವಳಿ ಯಂತ್ರಗಳ ವ್ಯವಹಾರದಲ್ಲೇ. ಆಮೇಲೆ 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಹುಟ್ಟಿತು. ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಿಂದ 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಹೊರಬಂದವು. 2007ರಲ್ಲಿ ಅಲ್ಲೇ ತಾಂತ್ರಿಕ ತರಬೇತಿ ಸಂಸ್ಥೆಯೊಂದು ತೆರೆಯಿತು. ಹತ್ತನೆಯ ತರಗತಿ ಮುಗಿಸಿದ, ಗ್ರಾಮೀಣ ಬಡ ಕುಟುಂಬಗಳ ಮಕ್ಕಳಿಗೆ ಮೂರು ವರ್ಷ ಅಲ್ಲೇ ಉಳಿಸಿಕೊಂಡು ಕೆಲಸ ಕಲಿಸುತ್ತಾರೆ. ನಮ್ಮಂಥ ಶಾಲೆಗಳ ಮಕ್ಕಳು ಇದನ್ನು ತಿಳಿದಿರಬೇಕು.

ಮಗ್ಗ ನಿಲ್ಲದೇ ಹೋದಾಗ

ಹೊಗಳಿಕೆಯೊಂದೇ ಆದರೆ ಅದು ಜಾಹೀರಾತು, ಚರಿತ್ರೆಯಲ್ಲ. 2008ರಲ್ಲಿ ಟೊಯೋಟಾ ಜನರಲ್ ಮೋಟಾರ್ಸನ್ನು ಹಿಂದಿಕ್ಕಿ ಜಗತ್ತಿನ ಅತಿ ದೊಡ್ಡ ಕಾರು ಕಂಪನಿಯಾಯಿತು. ಮರುವರ್ಷವೇ ಅಮೆರಿಕದಲ್ಲಿ ಅದರ ಕಾರೊಂದು ಹತೋಟಿ ಮೀರಿ ಓಡಿ ನಾಲ್ವರು ಸತ್ತರು. ಕಾಲಡಿಯ ಚಾಪೆಗೆ ಆಕ್ಸಿಲರೇಟರ್ ಪೆಡಲ್ ಸಿಕ್ಕಿಕೊಳ್ಳುವುದು, ಪೆಡಲ್ ತಾನಾಗಿ ಮೇಲೇಳದಿರುವುದು ಮುಂತಾದ ದೋಷಗಳಿಗಾಗಿ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಬೇಕಾಯಿತು. 2010ರ ಫೆಬ್ರವರಿಯಲ್ಲಿ ಕೀಚಿರೊ ಅವರ ಮೊಮ್ಮಗ, ಆಗಿನ ಅಧ್ಯಕ್ಷ ಅಕಿಯೊ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕುಳಿತು ಕ್ಷಮೆ ಕೇಳಿದರು. ಜನರನ್ನು ತಯಾರು ಮಾಡುವ ವೇಗವನ್ನು ಮೀರಿ ಕಂಪನಿ ಬೆಳೆಯಿತು ಎಂದು ಒಪ್ಪಿಕೊಂಡರು. ದೋಷಗಳ ಬಗ್ಗೆ ಗ್ರಾಹಕರಿಗೆ ಸರಿಯಾದ ಮಾಹಿತಿ ಕೊಡದ ಪ್ರಕರಣದಲ್ಲಿ 2014ರಲ್ಲಿ ಕಂಪನಿ 120 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. 2023ರ ಕೊನೆಗೆ ಇದೇ ಸಮೂಹದ ದೈಹಾತ್ಸು ಕಂಪನಿ ಸುರಕ್ಷತಾ ಪರೀಕ್ಷೆಗಳಲ್ಲಿ ಹಲವು ವರ್ಷ ಅಕ್ರಮ ನಡೆಸಿದ್ದು ಹೊರಬಂತು. ಮರುವರ್ಷ ಟೊಯೋಟಾದ ಕೆಲವು ಮಾದರಿಗಳ ಪರೀಕ್ಷೆಯಲ್ಲೂ ಲೋಪ ಕಂಡು ಅಕಿಯೊ ಮತ್ತೆ ತಲೆಬಾಗಿದರು. ನೂಲು ಹರಿದಿತ್ತು, ಆದರೂ ಮಗ್ಗ ಓಡುತ್ತಲೇ ಇತ್ತು.

ಇನ್ನೂ ಗಂಭೀರವಾದ ಪ್ರಶ್ನೆಯೊಂದಿದೆ. ಕಾರಿನಲ್ಲಿ ದೋಷ ಕಂಡರೆ ಕೆಲಸಗಾರ ಹಗ್ಗ ಎಳೆಯಬಹುದು. ಅವನ ಮೈಯೇ ಸೋತರೆ ಯಾವ ಹಗ್ಗ ಎಳೆಯಬೇಕು? 2002ರಲ್ಲಿ ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ದೋಷಗಳನ್ನು ಗುರುತಿಸುವ ಕೆಲಸದಲ್ಲಿದ್ದ 30 ವರ್ಷದ ನೌಕರನೊಬ್ಬ ಪಾಳಿಯ ನಡುವೆ ಕುಸಿದು ಸತ್ತ. ಹೆಂಡತಿ ಪಟ್ಟು ಬಿಡದೆ ಕಾನೂನಿನ ಹೋರಾಟ ನಡೆಸಿದಳು. ಅತಿ ದುಡಿಮೆಯೇ ಸಾವಿಗೆ ಕಾರಣವೆಂದು 2007ರಲ್ಲಿ ನಗೋಯಾ ನ್ಯಾಯಾಲಯ ತೀರ್ಪು ಕೊಟ್ಟಿತು. ಕೆಲಸದ ಹೊತ್ತು ಮುಗಿದ ಮೇಲೆ ಸೇರುತ್ತಿದ್ದ ಗುಣಮಟ್ಟ ಸುಧಾರಣೆಯ ಕೂಟಗಳೂ ದುಡಿಮೆಯೇ ಎಂದು ಅದು ಹೇಳಿತು. ನಮ್ಮ ಬಿಡದಿಯಲ್ಲೂ 2014ರಲ್ಲಿ ವೇತನದ ವಿಚಾರಕ್ಕೆ, 2020ರ ಕೊನೆಯಲ್ಲಿ ಕಾರ್ಮಿಕ ಮುಖಂಡನ ಅಮಾನತಿನ ನಂತರ ಬೀಗಮುದ್ರೆ, ಮುಷ್ಕರಗಳು ನಡೆದವು. ಎರಡನೆಯ ವಿವಾದ ತಿಂಗಳುಗಟ್ಟಲೆ ನಡೆದು 2021ರ ಮಾರ್ಚಿನಲ್ಲಿ ಮುಗಿಯಿತು. ಆ ದಿನಗಳಲ್ಲಿ ಟೆಂಟಿನ ಕೆಳಗೆ ಕುಳಿತವರಲ್ಲಿ ಹಳ್ಳಿಯ ಮನೆಗಳಿಂದ ಹೋದ ಮಕ್ಕಳೂ ಇದ್ದರು. ಬಟ್ಟೆ ಕೆಡಬಾರದೆಂದು ಮಾತ್ರವಲ್ಲ, ನೇಯುವವರ ಶ್ರಮ ತಗ್ಗಲೆಂದೂ ಸಕಿಚಿ ಮಗ್ಗ ತಿದ್ದಿದವರು. ಅವರ ವಾರಸುದಾರರನ್ನು ಈ ಎರಡನೆಯ ಅಳತೆಯಿಂದಲೂ ಅಳೆಯಬೇಕು.

ಇಷ್ಟನ್ನು ಓದಿ ಬರೆದ ಮೇಲೆ ನನಗೆ ತೋರುವುದು ಇಷ್ಟು. ಹೆಸರು ಎಂಬುದು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ಟೊಯೋಟಾ ದೋಷವನ್ನು ಕಂಡ ಕೂಡಲೇ ನಿಂತಾಗ ಬೆಳೆಯಿತು, ಲೆಕ್ಕದ ಓಟದಲ್ಲಿ ನಿಲ್ಲದೇ ಹೋದಾಗ ತಲೆತಗ್ಗಿಸಿತು. ಶಾಲೆಗೂ ಇದು ಒಪ್ಪುವ ಮಾತು. ಫಲಿತಾಂಶದ ಶೇಕಡಾವಾರು ನೋಡುತ್ತಾ ಪಾಠ ಓಡಿಸುವ ಒತ್ತಡ ನಮ್ಮ ಶಿಕ್ಷಕರ ಮೇಲೂ ಇದೆ. ಹಿಂದಿನ ಬೆಂಚಿನ ಮಗುವೊಂದು ಎದ್ದು ನಿಂತು "ಸಾರ್, ಅರ್ಥವಾಗಲಿಲ್ಲ" ಎಂದರೆ ಅದು ಹಗ್ಗ ಎಳೆದಂತೆ. ಆ ಮಗುವಿಗೆ ನಗೆಯೋ ಗದರಿಕೆಯೋ ಸಿಗದೆ ಉತ್ತರ ಸಿಗುವ ತರಗತಿಗಳು ನಮ್ಮ ಶಾಲೆಯಲ್ಲಿ ಹೆಚ್ಚಲಿ. ಐವತ್ತು ತುಂಬಿದ ನಮ್ಮ ಶಾಲೆ ನೂರನ್ನೂ ಕಾಣಲಿ, ಕಲಿಸಿದ ಗುರುಗಳಿಗೂ ಜಾಗ ಕೊಟ್ಟು ಕಟ್ಟಡ ಎಬ್ಬಿಸಿದ ಊರ ಹಿರಿಯರಿಗೂ ನನ್ನ ನಮಸ್ಕಾರಗಳು.